ಮಾತು ಕಡಿಮೆಯಿದ್ದವರೂ ಮನೋರೋಗಿಗಳ ಶುಶ್ರೂಷೆಯೂ

(ಓದತಕ್ಕ ಭಾಗಗಳು: ಅರಸುಗಳ ಮೊದಲನೆಯ ಗ್ರಂಥ 19ನೆಯ ಅಧ್ಯಾಯ; ಯೋಬನ ಗ್ರಂಥ 2ನೆಯ ಅಧ್ಯಾಯ 11ರಿಂದ 13ರ ವರೆಗಿನ ವಚನಗಳು.)



ಕಳೆದ ಸುಗ್ಗಿಯ ಕಾಲದಲ್ಲಿ ನಾವು ಧಾರವಾಡ ಸೀಮೆಯ ಒಂದು ಹಳ್ಳಿಯ ಸಭೆಗೆ ಹೋಗಿದ್ದೆವು. ಭಾನುವಾರದ ಆರಾಧನೆ ಮುಗಿದು ಜನರು ಮನೆಗಳಿಗೆ ತೆರಳಿದ ಮೇಲೆ ಒಬ್ಬ ರೈತನು ತನ್ನ ಹೆಂಡತಿಯನ್ನೂ ಮಗಳನ್ನೂ ಕರಕೊಂಡು ನಮ್ಮ ಬಳಿಗೆ ಬಂದನು. "ಅಯ್ಯನವರೇ, ಇವಳು ಪಿ.ಯು.ಸಿ. ಪಾಸಾಗಿದ್ದಾಳೆ. ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ, ಅದು ಒಳ್ಳೇದೇ. ಆದರೆ ಓದಿದ ಮೇಲೆ ಹುಚ್ಚರ ಆಸ್ಪತ್ರೆಯಲ್ಲಿಯೇ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿಯೇ ಬಾಯಿ ತೆರೆಯದವಳು ಅಲ್ಲಿ ಹೋಗಿ ಏನು ಮಾಡಿಯಾಳು? ಮೇಲಾಗಿ ಅಂಥ ಕೆಲಸದವಳನ್ನು ಯಾರು ಸೊಸೆಯಾಗಿ ತಂದುಕೊಂಡಾರು?" ಎಂದು ಕೇಳಿದನು.

ತಾಯಿಯು ಏನೂ ಅನ್ನದೆ ಮಗಳ ಮುಖವನ್ನೇ ನೋಡುತ್ತಿದ್ದಳು. ಹುಡುಗಿಯು ಬಹಳ ಹೊತ್ತಿನ ಮೇಲೆ, "ನಾಲ್ಕು ಜನರ ನಡುವೆ ಮಾತಾಡಲಿಕ್ಕೆ ನನಗೆ ಬರುವದಿಲ್ಲ, ಅಯ್ಯನವರೇ. ಆದರೆ ಒಬ್ಬರು ಕೂತು ತಮ್ಮ ದುಃಖ ಹೇಳಿಕೊಂಡರೆ ಸಂಜೆಯ ತನಕ ಕೇಳಬಲ್ಲೆ. ಆ ಕೆಲಸಕ್ಕೆ ಇದು ಸಾಕೋ ಸಾಲದೋ, ನೀವೇ ಹೇಳಿರಿ" ಅಂದಳು.

ಈ ಪ್ರಶ್ನೆಗೆ ನಾವು ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಎರಡು ದಿವಸ ಅಲ್ಲಿಯೇ ಉಳಿದು ಅವರ ಸಂಗಡ ಮಾತಾಡಿದೆವು. ಬೇರೆ ಸಭೆಗಳಲ್ಲಿಯೂ ಇಂಥ ಮಕ್ಕಳು ಇರುವದರಿಂದ, ಆ ಮನೆಯವರ ಒಪ್ಪಿಗೆಯಿಂದಲೇ, ಊರನ್ನೂ ಹೆಸರನ್ನೂ ಹೇಳದೆ, ನಡೆದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ತಂದೆಯು ಆಡಿದ "ಹುಚ್ಚರ ಆಸ್ಪತ್ರೆ" ಎಂಬ ಮಾತನ್ನು ವಿಚಾರಿಸೋಣ. ಈ ಮಾತು ನಮ್ಮೆಲ್ಲರ ಬಾಯಲ್ಲಿಯೂ ಇದೆ. ಅದರೊಳಗೆ ಭಯವೂ ನಾಚಿಕೆಯೂ ಇವೆ. ಆದರೆ ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ಧೈರ್ಯದಿಂದ ನಿಂತ ಎಲೀಯನನ್ನು ನೆನಸಿರಿ. ಆ ದೊಡ್ಡ ಜಯದ ಮರುದಿನವೇ ಅವನ ಮನಸ್ಸು ಕುಸಿಯಿತು. ಸೇವಕನನ್ನು ಬಿಟ್ಟು ಒಬ್ಬನೇ ಅರಣ್ಯದಲ್ಲಿ ಒಂದು ದಿನದ ದಾರಿ ನಡೆದು, ಜಾಲಿ ಗಿಡದ ಕೆಳಗೆ ಕೂತು, ಸಾವನ್ನು ಬೇಡಿಕೊಂಡನು. ದೇವರು ಅವನಿಗೆ ಏನು ಮಾಡಿದನು? ಬೈದನೋ? ಇಲ್ಲ. ನಂಬಿಕೆ ಕಡಿಮೆಯೆಂದು ದೂರಿದನೋ? ಅದೂ ಇಲ್ಲ. ದೂತನನ್ನು ಕಳುಹಿಸಿದನು. ಆ ದೂತನು ಅವನನ್ನು ಮುಟ್ಟಿ ಎಬ್ಬಿಸಿ, ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ತಿರಿಗಿ ಮಲಗಗೊಟ್ಟನು, ಎರಡನೆಯ ಸಾರಿ ಬಂದು ಮತ್ತೆ ಉಣ್ಣಿಸಿದನು. ಹೋರೇಬಿನಲ್ಲಿ ಕರ್ತನು ಪ್ರಶ್ನೆ ಕೇಳಿ ಅವನ ದುಃಖವನ್ನು ಹೇಳಗೊಟ್ಟದ್ದು ಆಮೇಲೆ. ಅದೂ ಒಂದು ಸಾರಿಯಲ್ಲ, ಎರಡು ಸಾರಿ. ಕೊನೆಗೆ ಎಲೀಷನನ್ನು ಜೊತೆಗಾರನಾಗಿ ಕೊಟ್ಟನು. ಅನ್ನ, ನಿದ್ರೆ, ಕೇಳುವ ಕಿವಿ, ಜೊತೆಗೊಬ್ಬರು: ಮನೋರೋಗಿಗಳ ಶುಶ್ರೂಷೆ ಮಾಡುವ ಒಳ್ಳೆಯ ದಾದಿಯು ಇಂದಿಗೂ ಇದೇ ಕ್ರಮದಲ್ಲಿ ಕೆಲಸ ಮಾಡುತ್ತಾಳೆ.

ಈ ರೋಗವು ಅಪರೂಪವಾದದ್ದೂ ಅಲ್ಲ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದೇಶದ ಹನ್ನೆರಡು ರಾಜ್ಯಗಳಲ್ಲಿ ಸಮೀಕ್ಷೆ ನಡಿಸಿದಾಗ, ವಯಸ್ಕರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತೆಂದು ಕಂಡಿತು. ಅವರಲ್ಲಿ ಹೆಚ್ಚಿನ ಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಗದೆ ನಾಚಿಕೆ ಮಾತ್ರ ಉಳಿದರೆ ಏನಾಗುತ್ತದೆ? 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥ ರೋಗಿಗಳನ್ನು ಇಟ್ಟಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸರಪಣಿಗೆ ಕಟ್ಟಲ್ಪಟ್ಟಿದ್ದವರು ಓಡಲಾರದೆ ಇಪ್ಪತ್ತೆಂಟು ಮಂದಿ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಯಾವ ಮನೋರೋಗಿಯನ್ನೂ ಸರಪಣಿಯಿಂದ ಕಟ್ಟಬಾರದೆಂದು ವಿಧಿಸಿದೆ. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಇದ್ದ ಮನುಷ್ಯನನ್ನು ಊರವರು ಸಂಕೋಲೆಗಳಿಂದ ಕಟ್ಟುತ್ತಿದ್ದರು. ನಮ್ಮ ಕರ್ತನು ಅವನ ಹೆಸರನ್ನು ಕೇಳಿದನು. ಆ ಮನುಷ್ಯನು ಬಟ್ಟೆ ಉಟ್ಟು ಸ್ವಸ್ಥಬುದ್ಧಿಯಿಂದ ಕೂತಿದ್ದಾಗ ಅವನನ್ನು ತನ್ನ ಮನೆಯವರ ಬಳಿಗೇ ಕಳುಹಿಸಿದನು. ಈ ಕಥೆಯನ್ನು ಓದಿ, ಮನಸ್ಸು ಕೆಟ್ಟವರೆಲ್ಲರಿಗೆ ದೆವ್ವ ಹಿಡಿದಿದೆಯೆಂದು ತಿಳಿಯಬಾರದು. ಜ್ವರಕ್ಕೆ ಕಾರಣವಿರುವಂತೆ ಈ ರೋಗಗಳಿಗೂ ಕಾರಣಗಳುಂಟು, ಔಷಧಗಳೂ ಉಂಟು. ಕರ್ತನು ಅಂಥವನ ಸಂಗಡ ಹೇಗೆ ನಡಕೊಂಡನೆಂಬದನ್ನು ಮಾತ್ರ ನಾವು ಕಲಿಯತಕ್ಕದ್ದು.

ನಮ್ಮ ಸಭೆಗಳಿಗೆ ಈ ಸೇವೆ ಹೊಸದೂ ಅಲ್ಲ. ನಮ್ಮ ದೇಶದಲ್ಲಿ ಬಹುಕಾಲ ಸುವಾರ್ತೆ ಸಾರಿದ ಸ್ಟ್ಯಾನ್ಲಿ ಜೋನ್ಸ್ ಎಂಬವರು ತಮ್ಮ ಸೇವೆಯ ಮೊದಲ ವರ್ಷಗಳಲ್ಲಿ ತಾವೇ ಮನಸ್ಸಿನ ಬಲವನ್ನು ಕಳಕೊಂಡು ಕುಗ್ಗಿಹೋಗಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ. 1950ರಲ್ಲಿ ಅವರು ಲಕ್ನೋ ಪಟ್ಟಣದಲ್ಲಿ ಮನೋರೋಗಿಗಳಿಗಾಗಿ ನೂರ್ ಮಂಜಿಲ್, ಅಂದರೆ ಬೆಳಕಿನ ಮನೆ, ಎಂಬ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕಾಲೇಜಿನವರ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಸಂಗಡ ಮನೆಯವರೂ ಉಳಿದು ಆರೈಕೆಯನ್ನು ಕಲಿಯುವ ಪದ್ಧತಿಯುಂಟು. ಆದಕಾರಣ ಈ ಕೆಲಸದಲ್ಲಿ ನಾಚಿಕೆಯಿಲ್ಲವೆಂದು ನಾವು ಆ ತಂದೆಗೆ ಹೇಳಿದೆವು. ಅವನು ತಲೆ ತಗ್ಗಿಸಿ ಕೂತನು; ಯಾಕೆಂಬದು ಆಗ ನಮಗೆ ತಿಳಿಯಲಿಲ್ಲ.

ಎರಡನೆಯದಾಗಿ, ಮಾತು ಕಡಿಮೆಯಿರುವದು ಕುಂದೋ ಎಂಬದನ್ನು ನೋಡೋಣ. ಕೆಲವರ ಮನಸ್ಸು ಹೊರಗಿನ ಜನರ ಕಡೆಗೂ ಕೆಲವರ ಮನಸ್ಸು ಒಳಗಡೆಗೂ ತಿರುಗಿರುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯರಾದ ಕಾರ್ಲ್ ಯೂಂಗರು 1921ರಲ್ಲಿ ಒಂದು ಗ್ರಂಥದಲ್ಲಿ ವಿವರಿಸಿದರು. ಎರಡನೆಯವರನ್ನು ಅಂತರ್ಮುಖಿಗಳೆಂದು ಕರೆಯುತ್ತಾರೆ. ಇವರು ಜನರನ್ನು ದ್ವೇಷಿಸುವವರಲ್ಲ. ಬಹು ಜನರ ನಡುವೆ ಇದ್ದರೆ ದಣಿದು, ಒಂಟಿಯಾಗಿದ್ದಾಗ ಬಲ ಹೊಂದುವವರು. ಇದು ರೋಗವಲ್ಲ, ಸ್ವಭಾವ.

ಯೋಬನ ಮೂವರು ಸ್ನೇಹಿತರನ್ನು ನೋಡಿರಿ. ಅವರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಸಂಗಡ ಮೌನವಾಗಿ ಕೂತರು. ಅವರು ಮಾಡಿದ ಒಳ್ಳೆಯ ಶುಶ್ರೂಷೆಯು ಅಷ್ಟೇ. ಬಾಯಿ ತೆರೆದ ಮೇಲೆ ಅವರು ಉಪದೇಶ ಮಾಡಿದರು, ತಪ್ಪು ಹೊರಿಸಿದರು, ಗಾಯಕ್ಕೆ ಉಪ್ಪು ಹಚ್ಚಿದರು. ಮನಸ್ಸು ನೊಂದವರ ಮುಂದೆ ಬಹಳ ಮಾತಾಡುವವರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುವದುಂಟು. ಸುಮ್ಮನೆ ಕೂತು ನೋಡುವವರಿಗಾದರೋ ಬೇರೆಯವರಿಗೆ ಕಾಣದ್ದು ಕಾಣುತ್ತದೆ: ನಿನ್ನೆ ಉಂಡವನು ಇಂದು ತಟ್ಟೆಯನ್ನು ದೂಡಿದನು; ದಿನಾಲು ತಲೆ ಬಾಚಿಕೊಳ್ಳುತ್ತಿದ್ದವಳು ಇಂದು ಬಾಚಲಿಲ್ಲ; ಅಳುತ್ತಿದ್ದವಳು ಒಮ್ಮೆಲೇ ಶಾಂತಳಾಗಿ ತನ್ನ ವಸ್ತುಗಳನ್ನು ಹಂಚುತ್ತಿದ್ದಾಳೆ. ಈ ಕಡೆಯ ಗುರುತು ಬಹು ಅಪಾಯದ್ದು. ಅದನ್ನು ಕಂಡು ಹೇಳಿದ ದಾದಿಯು ಒಂದು ಜೀವವನ್ನು ಉಳಿಸಿಯಾಳು.

ಇಷ್ಟನ್ನು ಕೇಳಿ ಹುಡುಗಿಯ ಮುಖ ಅರಳಿತು. ಆದರೆ ಮೂರನೆಯದಾಗಿ, ಅವಳ ತಿಳುವಳಿಕೆಯನ್ನೂ ತಿದ್ದಬೇಕಾಗಿತ್ತು. ಈ ಕೆಲಸವೆಂದರೆ ಒಂದು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂಡಿಸಿಕೊಂಡು ದುಃಖವನ್ನು ಕೇಳುವದೆಂದು ಅವಳು ಎಣಿಸಿದ್ದಳು. 1952ರಲ್ಲಿ ಅಮೆರಿಕಾ ದೇಶದ ಹಿಲ್ಡೆಗಾರ್ಡ್ ಪೆಪ್ಲೋ ಎಂಬ ದಾದಿಯು, ರೋಗಿಗೂ ದಾದಿಗೂ ನಡುವೆ ಬೆಳೆಯುವ ಸಂಬಂಧವೇ ಶುಶ್ರೂಷೆಯ ತಿರುಳೆಂದು ಒಂದು ಪುಸ್ತಕದಲ್ಲಿ ಬರೆದಳು. ದಾದಿಯು ಹೊರುವ ಪಾತ್ರಗಳು ಆರೆಂದು ಹೇಳಿದಳು: ಮೊದಲು ಪರಿಚಯವಿಲ್ಲದವಳು, ಆಮೇಲೆ ಬೇಕಾದ ತಿಳುವಳಿಕೆ ಕೊಡುವವಳು, ಕಲಿಸುವವಳು, ಮುಂದಾಳು, ರೋಗಿಯ ಕಣ್ಣಿಗೆ ತಾಯಿಯೋ ಅಕ್ಕನೋ ಆಗಿ ಕಾಣುವವಳು, ಕಡೆಗೆ ಆಪ್ತಸಮಾಲೋಚಕಿ. ದುಃಖ ಕೇಳುವ ಕೆಲಸವು ಈ ಆರರಲ್ಲಿ ಒಂದು ಮಾತ್ರವೆಂಬದನ್ನು ಗಮನಿಸಿರಿ.

ವಾರ್ಡಿನ ದಿನವು ಹೀಗಿರುತ್ತದೆ. ಪಾಳಿ ಬದಲಾಗುವಾಗ ಪ್ರತಿಯೊಬ್ಬ ರೋಗಿಯ ಸಂಗತಿಯನ್ನು ಬರುವವರಿಗೆ ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಿ ಒಪ್ಪಿಸಬೇಕು. ಗುಳಿಗೆಯನ್ನು ಕೊಟ್ಟು, ನುಂಗಿದರೋ ದವಡೆಯಲ್ಲಿ ಅಡಗಿಸಿಕೊಂಡರೋ ನೋಡಬೇಕು. ಔಷಧದಿಂದ ಕೈ ನಡುಗುವದೋ, ಕುತ್ತಿಗೆ ಬಿಗಿಯುವದೋ ಕಂಡರೆ ಕೂಡಲೆ ವೈದ್ಯರಿಗೆ ತಿಳಿಸಬೇಕು. ಲಿಥಿಯಂ ಎಂಬ ಔಷಧ ನಡೆಯುತ್ತಿದ್ದರೆ ಆಗಾಗ್ಗೆ ರಕ್ತಪರೀಕ್ಷೆ ಆಯಿತೋ ಎಂದು ವಿಚಾರಿಸಬೇಕು. ವಿದ್ಯುತ್ ಚಿಕಿತ್ಸೆಯಿದ್ದ ದಿನ ರೋಗಿಯನ್ನು ಉಪವಾಸವಿಟ್ಟು ಸಿದ್ಧಮಾಡಿ, ಅರಿವಳಿಕೆಯಿಂದ ಎಚ್ಚರವಾಗುವ ತನಕ ಬಳಿಯಲ್ಲಿರಬೇಕು. ಸ್ನಾನ ಮಾಡಿಸುವದು, ಉಗುರು ಕತ್ತರಿಸುವದು, ಹಗ್ಗ ಬ್ಲೇಡುಗಳು ಯಾರ ಕೈಗೂ ಸಿಗದಂತೆ ಕಾಯುವದು, ಮನೆಯವರಿಗೆ ರೋಗದ ವಿಷಯ ತಿಳಿಸುವದು, ಕಂಡದ್ದನ್ನೆಲ್ಲಾ ಬರೆದಿಡುವದು, ಇವೆಲ್ಲಾ ಅವಳದ್ದೇ ಕೆಲಸ. ಯಾರಾದರೂ ಸಿಟ್ಟಿನಿಂದ ಎದ್ದು ಬಂದರೆ ಧ್ವನಿಯನ್ನು ತಗ್ಗಿಸಿ, ದೂರ ನಿಂತು, ಸಂಗಡಿಗರನ್ನು ಕರೆಯಬೇಕು. ಮೈಮೇಲೆ ಉಗುಳುವವರೂ ಬೈಯುವವರೂ ಇದ್ದಾರೆ. ಗುಣಹೊಂದಿ ಹೋದವರು ಗುಳಿಗೆ ಬಿಟ್ಟು ತಿರಿಗಿ ಬರುವದೂ ಉಂಟು. ಇಷ್ಟರ ನಡುವೆ ಒಬ್ಬರ ಬಳಿಯಲ್ಲಿ ಅರ್ಧ ಗಂಟೆ ಸಮಾಧಾನದಿಂದ ಕೂತುಕೊಳ್ಳಲು ಸಿಕ್ಕಿದರೆ ಅದು ಒಳ್ಳೆಯ ದಿನ.

"ಮಗಳೇ, ನಿನಗೆ ಸಮಾಲೋಚನೆ ಒಂದೇ ಬೇಕಾಗಿದ್ದರೆ ಬೇರೆ ದಾರಿಗಳುಂಟು. ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿ ಆ ಕೆಲಸ ಮಾಡುವವರಿದ್ದಾರೆ. ದಾದಿಯಾಗುವವಳು ಮೊದಲು ಗಾಯ ತೊಳೆಯಲಿಕ್ಕೂ ಹೆರಿಗೆಯಲ್ಲಿ ನಿಲ್ಲಲಿಕ್ಕೂ ಕಲಿಯಬೇಕು" ಎಂದು ನಾವು ಹೇಳಿದೆವು. ಆಮೇಲೆ ಅವಳ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟು, ಮರುದಿನ ಉತ್ತರ ಕೊಡೆಂದೆವು. ಈ ಸೇವೆಯನ್ನು ಬಯಸುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಇವನ್ನು ತಮಗೆ ತಾವೇ ಕೇಳಿಕೊಳ್ಳಲಿ.

ಒಂದನೆಯದು: ನಿನ್ನ ಮೌನವು ಸ್ವಭಾವದಿಂದ ಬಂದದ್ದೋ, ಭಯದಿಂದ ಬಂದದ್ದೋ? ಸ್ವಭಾವವಾದರೆ ಅದು ತಲಾಂತು. ಭಯವಾದರೆ ಮೊದಲು ಅದನ್ನು ಗೆಲ್ಲಬೇಕು. ಯಾಕಂದರೆ ಹೆದರಿ ಸುಮ್ಮನಿರುವವಳಿಗೆ ವಾರ್ಡಿನಲ್ಲಿ ದಿನಾಲು ಹಿಂಸೆಯಾಗುವದು.

ಎರಡನೆಯದು: ಬುದ್ಧಿ ಹೇಳಬೇಕೆಂಬ ಆತುರವಿಲ್ಲದೆ ಕೇಳಬಲ್ಲೆಯೋ? ಮಾತು ಕಡಿಮೆಯಿದ್ದವರ ಒಳಗೂ ತೀರ್ಪು ಮಾಡುವ ಬುದ್ಧಿ ಇರಬಹುದು.

ಮೂರನೆಯದು: ಬೇಕಾದಾಗ ಗಟ್ಟಿಯಾಗಿ ಮಾತಾಡಬಲ್ಲೆಯೋ? ರೋಗಿಯು ನಂಬಿ ಹೇಳಿದ ಗುಟ್ಟಿನಿಂದ ಜೀವಕ್ಕೆ ಅಪಾಯವಿದ್ದರೆ ಅದನ್ನು ವೈದ್ಯರಿಗೆ ತಿಳಿಸಬಲ್ಲೆಯೋ?

ನಾಲ್ಕನೆಯದು: ಕೇಳಿದ ದುಃಖವನ್ನು ಸಂಜೆ ಇಳಿಸಿಟ್ಟು ನಿದ್ರೆ ಮಾಡಬಲ್ಲೆಯೋ? ನಮ್ಮ ಕರ್ತನೇ ಜನಸಂದಣಿಯಿಂದ ಎದ್ದು, ಹೊತ್ತಾರೆ ಕತ್ತಲಿರುವಾಗ ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಒಂಟಿತನದಲ್ಲಿ ಬಲ ಹೊಂದುವವರು ಪಾಳಿ ಮುಗಿದ ಮೇಲೆ ಅಂಥ ಹೊತ್ತನ್ನು ಕಾದಿಟ್ಟುಕೊಳ್ಳದಿದ್ದರೆ ಬಹುಬೇಗ ಒಣಗಿಹೋಗುವರು.

ಮರುದಿನ ಸಂಜೆ ನಾವು ಅವರ ಮನೆಗೆ ಹೋದೆವು. ಹುಡುಗಿಯು ಹೊಸ್ತಿಲ ಬಳಿಯಲ್ಲಿ ಕೂತು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೂರನೆಯದರಲ್ಲಿ ನಾನು ಸೋತವಳು, ಅಯ್ಯನವರೇ" ಅಂದಳು. ತಂದೆಯು, "ಅದನ್ನು ಈಗ ಯಾಕೆ ತೆಗೆಯುತ್ತೀ?" ಎಂದು ತಡೆಯಲು ಹೋದನು. ತಾಯಿಯು ಆಗ ಮೊದಲ ಸಾರಿ ಬಾಯಿ ತೆರೆದು, "ಹೇಳಲಿ ಬಿಡಿರಿ; ಎರಡು ವರುಷ ಹೊತ್ತಿದ್ದಾಳೆ" ಅಂದಳು.

ಸಂಗತಿ ಹೀಗಿತ್ತು. ಎರಡು ವರುಷಗಳ ಹಿಂದೆ ಅದೇ ಮನೆಯಲ್ಲಿ ಅವಳ ಚಿಗವ್ವನಿಗೆ, ಅಂದರೆ ತಂದೆಯ ತಮ್ಮನ ಹೆಂಡತಿಗೆ, ಹೆರಿಗೆಯಾಗಿ ಎರಡನೆಯ ವಾರದಲ್ಲಿ ನಿದ್ರೆ ಹೋಯಿತು. ಯಾರೋ ಮಾತಾಡಿದ ಹಾಗೆ ಕೇಳುತ್ತದೆ ಅನ್ನುತ್ತಿದ್ದಳು, ಕೂಸನ್ನು ಎತ್ತಿಕೊಳ್ಳಲೊಲ್ಲಳು. ಬಾಣಂತಿಗೆ ಗಾಳಿ ಸೋಕಿದೆಯೆಂದು ನೆರೆಯವರು ಅಂದರು. ಮನೆಯವರು ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡರು. ಈ ಹುಡುಗಿಯೊಬ್ಬಳೇ ಹಿತ್ತಲ ಕೋಣೆಯಲ್ಲಿ ಅವಳ ಬಳಿಯಲ್ಲಿ ಕೂಡುತ್ತಿದ್ದಳು. ಅವಳ ಕೈಯಿಂದ ಮಾತ್ರ ಚಿಗವ್ವ ಉಣ್ಣುತ್ತಿದ್ದಳು. ಒಂದು ರಾತ್ರಿ ಚಿಗವ್ವ ಅವಳ ಕೈ ಹಿಡಿದು, ತಾನು ಕೂಸನ್ನು ಕಟ್ಟಿಕೊಂಡು ಬಾವಿಗೆ ಬೀಳುವೆನೆಂದು ಹೇಳಿ, "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿದಳು.

"ನಾನು ಎರಡು ದಿನ ಹೇಳಲಿಲ್ಲ, ಅಯ್ಯನವರೇ. ಹಗಲೂ ರಾತ್ರಿಯೂ ಬಾಗಿಲಲ್ಲಿ ಕೂತು ಕಾದೆ. ಮೂರನೆಯ ದಿನ ಅವ್ವನಿಗೆ ಹೇಳಿದೆ. ಧಾರವಾಡದ ಆಸ್ಪತ್ರೆಗೆ ಕರಕೊಂಡು ಹೋದರು. ಊರಿಗೆಲ್ಲಾ ತವರುಮನೆಗೆ ಹೋಗಿದ್ದಾಳೆಂದು ಹೇಳಿದೆವು. ಚಿಗವ್ವ ಚೆನ್ನಾಗಿ ಬಂದಳು. ಆದರೆ ಆಣೆ ಮುರಿದಿ ಎಂದು ಆರು ತಿಂಗಳು ನನ್ನ ಸಂಗಡ ಮಾತಾಡಲಿಲ್ಲ. ಆ ಎರಡು ದಿನಗಳಲ್ಲಿ ಅವಳು ಎದ್ದು ಹೋಗಿದ್ದರೆ?" ಎಂದು ಹೇಳಿ ಅತ್ತಳು.

ತಂದೆಯು ಯಾಕೆ ತಲೆ ತಗ್ಗಿಸಿದ್ದನೆಂಬದು ಆಗ ನಮಗೆ ತಿಳಿಯಿತು. ಅವನು ಹೆದರಿದ್ದು ಮಗಳ ಕೆಲಸಕ್ಕೆ ಮಾತ್ರವಲ್ಲ, ಮುಚ್ಚಿಟ್ಟದ್ದು ಬೈಲಾದೀತೆಂದೇ.

ನಾವು ಆ ಹುಡುಗಿಗೆ ಹೇಳಿದ್ದೇನಂದರೆ: ಆ ಎರಡು ದಿನದ ಮೌನವು ತಪ್ಪೇ, ಅದನ್ನು ಒಪ್ಪೆಂದು ಹೇಳಲಾರೆವು. ಜೀವದ ಅಪಾಯವನ್ನು ಅಡಗಿಸುವ ಆಣೆಗೆ ದೇವರ ಮುಂದೆ ಬೆಲೆಯಿಲ್ಲ. ಆದರೆ ನೀನು ಹದಿನಾರು ವರುಷದವಳು, ಕಲಿತವಳಲ್ಲ, ಒಂಟಿಯಾಗಿದ್ದಿ. ಆದರೂ ಮೂರನೆಯ ದಿನ ಹೇಳಿದಿ. ಪ್ರೀತಿಸಿದವಳ ಸಿಟ್ಟನ್ನು ಆರು ತಿಂಗಳು ಹೊತ್ತಿ. ಇದನ್ನು ಮೊದಲನೆಯ ತಾಸಿನಲ್ಲಿಯೇ ಮಾಡಲು ಕಲಿಸುವದಕ್ಕೋಸ್ಕರವೇ ಶಾಲೆಗಳಿರುವದು. ದಾದಿಯು ಒಬ್ಬಳೇ ಬಾಗಿಲು ಕಾಯುವವಳಲ್ಲ. ಮೋಶೆಯು ತಾನು ಮಾತು ಬಾರದವನೆಂದು ಹಿಂಜರಿದಾಗ ದೇವರು ಆರೋನನನ್ನು ಕೊಟ್ಟನು. ನಿನಗೂ ವೈದ್ಯರೂ ಸಂಗಡಿಗರೂ ಇರುವರು. "ಇದನ್ನು ನಾನು ಗುಟ್ಟಾಗಿಡಲಾರೆ, ಆದರೆ ನಿನ್ನನ್ನು ಬಿಟ್ಟುಹೋಗುವದಿಲ್ಲ" ಎಂದು ಮೊದಲೇ ಹೇಳಿಬಿಡುವದನ್ನು ಅಲ್ಲಿ ಕಲಿಯುವಿ.

ಇನ್ನೊಂದು ಮಾತನ್ನೂ ಹೇಳಿದೆವು: ಬರುವ ರೋಗಿಗಳೆಲ್ಲರೂ ನಿನ್ನ ಚಿಗವ್ವನಲ್ಲ. ಅವಳ ಋಣವನ್ನು ಅವರಲ್ಲಿ ತೀರಿಸಲು ಹೋದರೆ, ಗುಣವಾಗದ ಒಬ್ಬೊಬ್ಬ ರೋಗಿಯೂ ನಿನ್ನ ಎದೆಯನ್ನು ಒಡೆದಾನು. ಕರುಣೆಯು ಬೀಜವಾಗಿರಲಿ, ಫಲ ಕೊಡುವವನು ದೇವರು.

ಕಡೆಗೆ ಆಲೋಚನೆ ಹೀಗಾಯಿತು. ಅವಳು ಈಗ ನರ್ಸಿಂಗ್ ಶಾಲೆಗೆ ಸೇರಲಿ. ಮೂರು ವರುಷದ ಜಿ.ಎನ್.ಎಂ. ಆಗಲಿ, ನಾಲ್ಕು ವರುಷದ ಬಿ.ಎಸ್ಸಿ. ಆಗಲಿ, ಎರಡರಲ್ಲಿಯೂ ಮನೋರೋಗ ಶುಶ್ರೂಷೆಯ ಪಾಠವುಂಟು, ಮಾನಸಿಕ ಆಸ್ಪತ್ರೆಯಲ್ಲಿ ಕೆಲವು ವಾರಗಳ ಅಭ್ಯಾಸವೂ ಉಂಟು. ಆ ವಾರಗಳೇ ಪರೀಕ್ಷೆ. ಗದ್ದಲದಲ್ಲಿ ದಣಿದರೂ ಮರುದಿನ ಹೋಗಬೇಕೆಂಬ ಮನಸ್ಸು ಉಳಿದರೆ, ಆಮೇಲೆ ಒಂದು ವರುಷದ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಮಾಡಬಹುದು. ಪದವಿ ಪಡೆದವರಿಗೆ ಎರಡು ವರುಷದ ಎಂ.ಎಸ್ಸಿ.ಯೂ ಉಂಟು. ಆ ಮನಸ್ಸು ಉಳಿಯದಿದ್ದರೆ ಅವಳು ಸೋತವಳಲ್ಲ. ಮೈಯ ರೋಗಿಗಳ ಬಳಿಯಲ್ಲಿಯೂ ಕೇಳುವ ಕಿವಿ ಬೇಕು. ತಂದೆಯು ಬಹಳ ಹೊತ್ತು ಯೋಚಿಸಿ, "ಹೋಗಿ ನೋಡಲಿ" ಅಂದನು.

ನಾವು ಹೊರಡುವ ಬೆಳಿಗ್ಗೆ ಒಬ್ಬ ತರುಣಿಯು ಸೊಂಟದ ಮೇಲೆ ಕೂಸನ್ನು ಹೊತ್ತುಕೊಂಡು, ಒಂದು ಗಂಟಿನಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಬಂದು, ನಮ್ಮ ಕೈಗೆ ಕೊಟ್ಟು, "ಅಯ್ಯನವರೇ, ಆ ಹುಡುಗಿ ಆಣೆ ಮುರಿದದ್ದರಿಂದಲೇ ಈ ಕೂಸು ಇದೆ. ಸಭೆಯಲ್ಲಿ ಬೇಕಾದರೆ ಹೇಳಿರಿ, ನನಗೆ ನಾಚಿಕೆಯಿಲ್ಲ" ಅಂದಳು. ನಮ್ಮ ಪ್ರಸಂಗಗಳಿಗಿಂತಲೂ ಆ ಮಾತು ದೊಡ್ಡದಾಗಿತ್ತು.

ಪ್ರಿಯರೇ, ನಿಮ್ಮ ಮನೆಗಳಲ್ಲಿ ಮೌನವಾಗಿ ಕೂಡುವ ಮಕ್ಕಳಿದ್ದರೆ ಅವರನ್ನು ಮೂಕರೆಂದು ಹಾಸ್ಯಮಾಡಬೇಡಿರಿ. ಅವರ ಬಳಿಗೆ ಯಾರು ಯಾರು ಬಂದು ದುಃಖ ಹೇಳಿಕೊಳ್ಳುತ್ತಾರೆಂದು ನೋಡಿರಿ. ನಿಮ್ಮ ಮನೆಗಳಲ್ಲಿ ಮನಸ್ಸು ನೊಂದವರಿದ್ದರೆ ಬಾಗಿಲು ಮುಚ್ಚಬೇಡಿರಿ. ಪ್ರಾರ್ಥಿಸಿರಿ, ಪ್ರಾರ್ಥಿಸುತ್ತಲೇ ವೈದ್ಯರ ಬಳಿಗೂ ಕರಕೊಂಡು ಹೋಗಿರಿ. 2022ರಿಂದ ಸರಕಾರದವರು ನಡಿಸುವ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಮಾತಾಡಬಹುದು. ಈ ಸಂಖ್ಯೆಯನ್ನು ಆರಾಧನಾ ಮಂದಿರದ ಬಾಗಿಲಲ್ಲಿ ಬರೆದು ಹಚ್ಚಿರಿ.

ಜಾಲಿ ಗಿಡದ ಕೆಳಗೆ ಬಿದ್ದಿದ್ದ ಎಲೀಯನ ಬಳಿಗೆ ದೂತನನ್ನು ಕಳುಹಿಸಿದ ದೇವರೇ, ಇಂದು ಹಾಗೆ ಬಿದ್ದಿರುವವರ ಬಳಿಗೆ ನಮ್ಮ ಮಕ್ಕಳಲ್ಲಿ ತಕ್ಕವರನ್ನು ಕಳುಹಿಸು. ಕೇಳುವ ಕಿವಿಯನ್ನು ಕೊಟ್ಟವರಿಗೆ ಹೇಳುವ ಧೈರ್ಯವನ್ನೂ ಕೊಡು. ನಮ್ಮ ನಾಚಿಕೆಯನ್ನು ತೆಗೆದುಬಿಡು. ಆಮೆನ್.